ಕಾರಿನ ಕೀ ಬಚ್ಚಿಡಿ: ಹಿಮ ಬಿರುಗಾಳಿಗೆ ಸಿಕ್ಕ ಊರಿನಲ್ಲಿ ನಾಲ್ಕು ದಿನ ಕಳೆಯುವುದು ಹೇಗೆ

ದಾವಣಗೆರೆಯ ನಮ್ಮ ಬೀದಿಯಿಂದ ವರ್ಷಕ್ಕೆ ಒಬ್ಬರಾದರೂ ಅಮೆರಿಕಕ್ಕೋ ಕೆನಡಾಕ್ಕೋ ಹೊರಡುತ್ತಾರೆ. ಈ ಸಲ ಪಕ್ಕದ ಮನೆ ಹುಡುಗನ ಸರದಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಜನವರಿಗೆ ಕ್ಲಾಸು ಶುರು. ಅವರಮ್ಮ ಬಂದು ಕೇಳಿದರು: "ಟೀಚರ್, ಎಷ್ಟು ಸ್ವೆಟರ್ ಹಾಕಿ ಕಳಿಸಲಿ?"

ಸ್ವೆಟರ್ ವಿಷಯ ಕೊನೆಗೆ ಹೇಳ್ತೀನಿ ಅಂದೆ. ಹಿಮ ಬಿರುಗಾಳಿಯಲ್ಲಿ ಸ್ವೆಟರ್ ಸಾಲದೆ ಸತ್ತವರ ಕಥೆ ನಾನು ಕೇಳಿಲ್ಲ. ಹೋಗಬಾರದ ಹೊತ್ತಿನಲ್ಲಿ ಹೊರಗೆ ಹೋಗಿ ಸತ್ತವರ ಕಥೆ ಬೇಕಾದಷ್ಟು ಕೇಳಿದ್ದೇನೆ.

2022ರಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಬಫಲೊಗೆ ಹೋಗಿದ್ದೆವು. ಡಿಸೆಂಬರ್ 23ರಂದು ಬಿರುಗಾಳಿ ಬಡಿದಾಗ ಮೊಮ್ಮಗಳಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಳೆದ ಹಿಮ 51.9 ಇಂಚು. ಅಂದರೆ ನಾಲ್ಕು ಅಡಿಗೂ ಜಾಸ್ತಿ. ಸುಮಾರು 37 ಗಂಟೆ ಗಾಳಿ ಒಂದೇ ಸಮನೆ ಹೊಡೆಯಿತು. ಸತ್ತವರು 40ಕ್ಕೂ ಹೆಚ್ಚು. ಕೆಲವರು ಕಾರಿನೊಳಗೆ, ಕೆಲವರು ಬೀದಿಯಲ್ಲಿ, ಕೆಲವರು ಹಿಮ ಎತ್ತುತ್ತಾ ಎದೆನೋವು ಬಂದು, ಕೆಲವರು ಹೀಟರ್ ನಿಂತುಹೋದ ತಮ್ಮ ಮನೆಯಲ್ಲೇ. ಮುಂದೆ ಬರೆದಿರುವುದೆಲ್ಲ ಈ ನಾಲ್ಕು ದಾರಿ ಮುಚ್ಚಿಕೊಳ್ಳುವ ಕೆಲಸ.

ಮೊದಲು, ಬರೀ ಹಿಮ ಬೇರೆ, ಬಿರುಗಾಳಿ ಬೇರೆ

ಹಿಮ ಬೀಳುವುದು ಆ ಊರುಗಳಿಗೆ ನಮ್ಮ ಸೋನೆ ಮಳೆ ಇದ್ದಂತೆ. ಮಕ್ಕಳು ಶಾಲೆಗೆ ಹೋಗುತ್ತಾರೆ, ಬಸ್ಸು ಓಡುತ್ತವೆ. ಬ್ಲಿಜರ್ಡ್ ಅಂದರೆ ಬೇರೆಯೇ. ಗಾಳಿ ಗಂಟೆಗೆ 56 ಕಿಲೋಮೀಟರ್ ಮುಟ್ಟಬೇಕು, 400 ಮೀಟರ್ ಆಚೆ ಏನೂ ಕಾಣಬಾರದು, ಹೀಗೆ ಮೂರು ಗಂಟೆ ನಡೆಯಬೇಕು. ಆಗ ಅಮೆರಿಕದ ಹವಾಮಾನ ಇಲಾಖೆ ಅದನ್ನು ಬ್ಲಿಜರ್ಡ್ ಅನ್ನುತ್ತದೆ. ಎಷ್ಟು ಹಿಮ ಬಿತ್ತು ಅನ್ನುವುದು ಆ ಲೆಕ್ಕದಲ್ಲೇ ಇಲ್ಲ ನೋಡಿ. ಎಲ್ಲ ಗಾಳಿಯ ಆಟ.

ಮಗಳ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅದೇ ಊರಿನಲ್ಲಿ ಹುಟ್ಟಿ ಬೆಳೆದವರು, 1977ರ ಜನವರಿಯ ಬಿರುಗಾಳಿ ಕಂಡವರು. ಆ ಸಲ ಆಕಾಶದಿಂದ ಹೊಸದಾಗಿ ಬಿದ್ದ ಹಿಮ ಒಂದಡಿಯಷ್ಟೇ ಅಂತೆ. ಹೆಪ್ಪುಗಟ್ಟಿದ ಈರಿ ಸರೋವರದ ಮೇಲೆ ಮೊದಲೇ ಕೂತಿದ್ದ ಹಿಮವನ್ನು ಗಾಳಿ ಎತ್ತಿ ತಂದು ಊರ ಮೇಲೆ ಸುರಿಯಿತು. ನಮ್ಮಲ್ಲಿ ಒಕ್ಕಲು ಕಣದಲ್ಲಿ ಜೋರು ಗಾಳಿ ಎದ್ದರೆ ಹೊಟ್ಟೆಲ್ಲ ಹಾರಿ ಕಣ್ಣಿಗೆ ತುಂಬುತ್ತದಲ್ಲ, ಹಾಗೆ. ದಿನಗಟ್ಟಲೆ ನಿಲ್ಲದ ಹೊಟ್ಟು ಅಂದುಕೊಳ್ಳಿ.

ಬಫಲೊ ಇರುವುದು ಆ ಸರೋವರದ ಪೂರ್ವ ತುದಿಗೆ. ಸರೋವರ ಸುಮಾರು 390 ಕಿಲೋಮೀಟರ್ ಉದ್ದ. ಚಳಿಗಾಳಿ ಅದರ ಉದ್ದಕ್ಕೂ ಬೀಸಿ ಬರುವಾಗ ಇನ್ನೂ ಬೆಚ್ಚಗಿರುವ ನೀರಿನಿಂದ ತೇವ ಹೀರಿಕೊಳ್ಳುತ್ತದೆ. ದಡ ಮುಟ್ಟಿದ ಕೂಡಲೇ ಹಿಮವಾಗಿ ಸುರಿಯುತ್ತದೆ, ಅದೂ ಕಿರಿದಾದ ಪಟ್ಟಿಯಲ್ಲಿ. ಒಂದು ಬಡಾವಣೆಯಲ್ಲಿ ಆಳುದ್ದ ಬಿದ್ದಿದ್ದರೆ ಸ್ವಲ್ಪ ದೂರದಲ್ಲಿ ಬಿಸಿಲು. ನಿಟುವಳ್ಳಿಯಲ್ಲಿ ಮಳೆ ಹೊಯ್ದು ವಿದ್ಯಾನಗರ ಒಣಗಿರುತ್ತದಲ್ಲ, ಅದೇ ಕಥೆ. ಹಾಗಾಗಿ "ಫ್ರೆಂಡ್ ಮನೆ ಹತ್ರ ಏನೂ ಇಲ್ಲವಂತೆ" ಅನ್ನುವ ಮಾತು ನಂಬಿ ಹೊರಡಬೇಡಿ.

ವಾಚ್ ಬಂದರೆ ಅಂಗಡಿಗೆ, ವಾರ್ನಿಂಗ್ ಬಂದರೆ ಮನೆಗೆ

ಫೋನಿನಲ್ಲಿ ಎರಡು ಪದ ಬರುತ್ತವೆ. ವಾಚ್ ಅಂದರೆ ಬರಬಹುದು, ತಯಾರಾಗಿ ಅಂತ. ವಾರ್ನಿಂಗ್ ಅಂದರೆ ಬಂತು ಅಂತಲೇ ಲೆಕ್ಕ. ಈ ಎರಡರ ನಡುವೆ ಸಿಗುವ ಒಂದೆರಡು ದಿನವೇ ನಿಮ್ಮ ಕೈಯಲ್ಲಿರುವ ಸಮಯ. ಗಾಳಿ ಶುರುವಾದ ಮೇಲೆ ಮಾಡುವ ಕೆಲಸ ಬಹಳ ಕಡಿಮೆ. ಕೂತಿರುವುದೇ ಕೆಲಸ.

ನಮಗೂ ಎಚ್ಚರಿಕೆ ಮೊದಲೇ ಬಂದಿತ್ತು. ಆದರೆ 23ರ ಬೆಳಿಗ್ಗೆ ಕಿಟಕಿಯಾಚೆ ಬರೀ ಮಳೆ ಹನಿಯುತ್ತಿತ್ತು. ಆ ಹೊತ್ತಿಗೆ ಕಾರು ಹತ್ತಿ ಕೆಲಸಕ್ಕೆ ಹೋದವರೆಷ್ಟೋ ಮಂದಿ. ಬೆಳಿಗ್ಗೆ ಒಂಬತ್ತೂವರೆಗೆ ವಾಹನ ಓಡಿಸಬಾರದು ಅಂತ ಆದೇಶ ಬಂತು. ಅಷ್ಟರಲ್ಲಿ ಗಾಳಿ ತಿರುಗಿಬಿಟ್ಟಿತ್ತು. ಸರ್ಕಾರ ಬೇಡ ಅನ್ನುವವರೆಗೂ ಕಾಯಬೇಡಿ ಅನ್ನುವುದು ನಾನು ಅಲ್ಲಿ ಕಲಿತ ಪಾಠ.

ಆ ಎರಡು ದಿನದಲ್ಲಿ ಏನೇನು ಮಾಡಬೇಕು

ನೀರು ಹಿಡಿದಿಡಿ. ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಾರಕ್ಕೊಮ್ಮೆ ನಲ್ಲಿ ಬರುವ ಕಾಲ ಕಂಡವರು ನಾವು. ಕುಡಿಯುವುದು, ಅಡುಗೆ, ಕೈ ಬಾಯಿ ತೊಳೆಯುವುದು ಸೇರಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ. ಬಾತ್‌ಟಬ್ ತುಂಬಿಸಿಡಿ, ಅದು ಕಕ್ಕಸಿಗೆ ಸುರಿಯಲು.

ನಾಲ್ಕು ದಿನಕ್ಕೆ ಸಾಲುವ ಊಟ ಇರಲಿ. ಅದರಲ್ಲಿ ಎರಡು ದಿನದ್ದು ಒಲೆ ಹಚ್ಚದೆ ತಿನ್ನುವಂಥದ್ದಾಗಿರಲಿ.

ಮಾತ್ರೆಗಳನ್ನು ಎಣಿಸಿ. ಬಿಪಿ, ಸಕ್ಕರೆ, ಥೈರಾಯ್ಡ್ ಯಾವುದೇ ಇರಲಿ, ಎರಡು ವಾರದ್ದು ಕೈಯಲ್ಲಿರಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಬಿಸಾಡಬೇಕು. ಮನೆ ತಣ್ಣಗಾದರೆ ಅದನ್ನು ಕಿಟಕಿ ಹತ್ತಿರ ಇಡದೆ ಮೈಗೆ ಹತ್ತಿರ ಇಟ್ಟುಕೊಳ್ಳಿ.

ಫೋನು, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಎಲ್ಲ ತುಂಬ ಚಾರ್ಜ್ ಮಾಡಿ. ಲ್ಯಾಪ್‌ಟಾಪಿನಿಂದ ಫೋನಿಗೆ ಎರಡು ಮೂರು ಸಲ ಚಾರ್ಜ್ ಸಿಗುತ್ತದೆ. ಮೇಣದ ಬತ್ತಿಗಿಂತ ಟಾರ್ಚ್ ವಾಸಿ. ಕಂಬಳಿಗಳ ನಡುವೆ ಬೆಂಕಿ ಬೇಡ, ಅಗ್ನಿಶಾಮಕದವರು ಬರಲಾಗದ ದಿನ ಅದು.

ಮನೆಯೊಳಗೆ ಕಾಣದ ವಿಷಗಾಳಿ ಸೇರಿದರೆ ಕೂಗುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒತ್ತಿ ನೋಡಿ. ಮಗಳ ಬಾಡಿಗೆ ಮನೆಯಲ್ಲಿ ಅದು ಗೋಡೆ ಮೇಲೆ ಇತ್ತು, ಒಳಗೆ ಬ್ಯಾಟರಿ ಇರಲಿಲ್ಲ. ಮನೆ ಮಾಲೀಕರಿಗೆ ಎರಡು ಸಲ ಹೇಳಿಯಾಗಿತ್ತು. ಕೊನೆಗೆ ಅಳಿಯನೇ ಹೊಸದು ತಂದು ಹಾಕಿದ. ಆ ದುಡ್ಡು ಹೇಗೆ ಉಪಯೋಗಕ್ಕೆ ಬಂತು ಅನ್ನುವುದು ಮುಂದೆ ಬರುತ್ತದೆ.

ಕೊನೆಯದು, ಅಕ್ಕಪಕ್ಕದವರ ಬಾಗಿಲು ತಟ್ಟಿ ಫೋನ್ ನಂಬರ್ ತೆಗೆದುಕೊಳ್ಳಿ. ನಮ್ಮ ಹುಡುಗರಿಗೆ ಸಂಕೋಚ ಜಾಸ್ತಿ, ಎರಡು ವರ್ಷ ಇದ್ದರೂ ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ. ಆಂಬುಲೆನ್ಸ್ ಕೂಡ ಹಿಮದಲ್ಲಿ ಹೂತು ನಿಂತಾಗ ಪಕ್ಕದ ಮನೆಯವರೇ ಗತಿ.

ಗಾಳಿ ಎದ್ದ ಮೇಲೆ: ಕೀ ಡಬ್ಬಿಯೊಳಗೆ

ಅವತ್ತು ಎಳ್ಳಮಾವಾಸ್ಯೆ. ಹರಪನಹಳ್ಳಿ ಕಡೆಯ ನಮ್ಮ ತಂಗಿ ಹೊಲದಲ್ಲಿ ಚರಗ ಚೆಲ್ಲಿದ ವಿಡಿಯೊ ಕಳಿಸಿದ್ದಳು. ಬಿಳಿಜೋಳ ಸೊಂಪಾಗಿ ನಿಂತಿತ್ತು. ನಾನು ಅದನ್ನು ನೋಡಿ ತಲೆ ಎತ್ತಿದರೆ ಎದುರು ಮನೆ ಕಾಣುತ್ತಿಲ್ಲ. ಆಮೇಲೆ ನಮ್ಮ ಮೆಟ್ಟಿಲೂ ಕಾಣಲಿಲ್ಲ. ಗಾಳಿಯ ಹೊಡೆತ ಗಂಟೆಗೆ 110 ಕಿಲೋಮೀಟರ್ ದಾಟಿತ್ತು ಅಂತ ಆಮೇಲೆ ಓದಿದೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಳಗೆ ನಿಂತು "ಎಂಥ ಗಾಳಿ" ಅಂದವಳು ನಾನು. ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ.

ಹನ್ನೊಂದು ಗಂಟೆಗೆ ಅಳಿಯ ಜಾಕೆಟ್ ಹಾಕಿಕೊಂಡು ನಿಂತ. "ಡೈಪರ್ ಒಂದೇ ದಿನಕ್ಕೆ ಆಗೋದು ಅತ್ತೆ. ಅಂಗಡಿ ಇಲ್ಲೇ ಅಲ್ವಾ, ಐದು ನಿಮಿಷ."

ಈ "ಐದು ನಿಮಿಷ" ಅನ್ನುವ ಮಾತೇ ಆ ದಿನ ಬಹಳ ಜನರನ್ನು ಹೊರಗೆ ಎಳೆದಿತ್ತು. ನಾನು ಕಾರಿನ ಕೀ ತೆಗೆದು ಮೆಂತ್ಯದ ಡಬ್ಬಿಗೆ ಹಾಕಿ ಮುಚ್ಚಿದೆ. ನನ್ನ ಎರಡು ಹಳೆಯ ಕಾಟನ್ ಸೀರೆ ಹರಿದು ಲಂಗೋಟಿ ಮಾಡಿದೆ. ನಾವೆಲ್ಲ ಅದರಲ್ಲೇ ಬೆಳೆದಿಲ್ಲವೇ?

ಹಾಲು ಮುಗಿದರೆ ಕಪ್ಪು ಚಹ ಕುಡಿಯಿರಿ. ಬ್ರೆಡ್ ಮುಗಿದರೆ ಅವಲಕ್ಕಿ ನೆನೆಸಿ. ಹೊರಗೆ ಹೋಗಲೇಬೇಕಾದ ಕಾರಣ ಮೂರೇ: ಮನೆಗೆ ಬೆಂಕಿ ಬೀಳುವುದು, ಗ್ಯಾಸ್ ಸೋರುವುದು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗುವುದು. ಆಗಲೂ ಗೋಡೆ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ, ಕೈ ಬಿಡಬೇಡಿ. ಬಿಳಿ ಕತ್ತಲಲ್ಲಿ ನಾಲ್ಕು ಹೆಜ್ಜೆಗೆ ದಿಕ್ಕು ತಪ್ಪುತ್ತದೆ.

ಕರೆಂಟು ಹೋದರೆ

ನಮಗೆ ಹೋಗಿದ್ದು ಶುಕ್ರವಾರ ರಾತ್ರಿ, ಬಂದಿದ್ದು ಭಾನುವಾರ ಬೆಳಿಗ್ಗೆ. ಲೋಡ್ ಶೆಡ್ಡಿಂಗ್ ನಮಗೇನು ಹೊಸದಾ ಅಂತ ಯಜಮಾನರು ನಕ್ಕರು. ಅರ್ಧ ಗಂಟೆಗೆ ನಗು ನಿಂತಿತು. ಅಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಗ್ಯಾಸಿನಲ್ಲಿ ಉರಿದರೂ ಅದರ ಫ್ಯಾನು, ಸ್ವಿಚ್ಚು ನಡೆಯುವುದು ಕರೆಂಟಿನಲ್ಲಿ. ಕರೆಂಟು ಹೋದರೆ ಗ್ಯಾಸ್ ಇದ್ದೂ ಬಿಸಿ ಇಲ್ಲ.

ಎಲ್ಲರೂ ಒಂದೇ ಕೋಣೆಗೆ ಬನ್ನಿ. ದೊಡ್ಡ ಹಾಲ್ ಬೇಡ. ಕಿಟಕಿ ಕಡಿಮೆ ಇರುವ ಚಿಕ್ಕ ಕೋಣೆ ಆರಿಸಿ. ಬಾಗಿಲ ಸಂದಿಗೆ ಟವೆಲ್ ತುರುಕಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ. ನೆಲದ ಮೇಲೆ ಹಾಸಿಗೆ ಹಾಕಿ ಒತ್ತೊತ್ತಾಗಿ ಕೂರಿ. ಶನಿವಾರ ರಾತ್ರಿ ನಮ್ಮ ಹಾಲ್‌ನಲ್ಲಿ 8 ಡಿಗ್ರಿ ಇತ್ತು, ಐದು ಜನ ಇದ್ದ ಕೋಣೆಯಲ್ಲಿ 13. ಆ ಐದು ಡಿಗ್ರಿ ಬರೀ ನಮ್ಮ ಮೈಶಾಖ.

ಎಳೆ ಮಗುವಿದ್ದರೆ ಅದಕ್ಕೆ ರಾಶಿ ಕಂಬಳಿ ಹೊದಿಸಿ ಮಲಗಿಸಬೇಡಿ, ಉಸಿರು ಕಟ್ಟುತ್ತದೆ. ಎಚ್ಚರವಿರುವ ದೊಡ್ಡವರು ಎದೆಗೆ ಒತ್ತಿಕೊಂಡು, ಮಗುವಿನ ಮೂಗು ಬಾಯಿ ತೆರೆದಿಟ್ಟು, ಇಬ್ಬರಿಗೂ ಸೇರಿ ಹೊದ್ದುಕೊಳ್ಳಿ. ನಾವು ಪಾಳಿ ಹಾಕಿಕೊಂಡೆವು. ರಾತ್ರಿ ಎರಡರಿಂದ ಬೆಳಗಿನವರೆಗೆ ನನ್ನ ಪಾಳಿ.

ಎಲ್ಲ ನಲ್ಲಿಗಳನ್ನೂ ಎಳೆ ದಾರದಷ್ಟು ಸಣ್ಣಗೆ ಬಿಟ್ಟಿರಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆಗೆದಿಡಿ. ಹೊರಗೋಡೆಗೆ ತಾಗಿದ ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಪೈಪು ಒಡೆಯುತ್ತದೆ. ಮುಖ್ಯ ವಾಲ್ವ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟಿರಿ.

ಫ್ರಿಜ್ ಬಾಗಿಲು ಮುಚ್ಚಿಯೇ ಇದ್ದರೆ ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ ಎರಡು ದಿನ.

ಫೋನಿನ ವಿಷಯದಲ್ಲಿ ಒಂದು ಮಾತು ಇಲ್ಲಿರುವವರಿಗೆ, ಅಂದರೆ ನನ್ನಂಥ ಅಪ್ಪ ಅಮ್ಮಂದಿರಿಗೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹತ್ತೂವರೆ ಗಂಟೆ ವ್ಯತ್ಯಾಸ. ಟಿವಿಯಲ್ಲಿ ಹಿಮ ಕಂಡ ಕೂಡಲೇ ದಾವಣಗೆರೆಯಿಂದ ಹದಿನೇಳು ಜನ ಫೋನ್ ಮಾಡಿದರು. ಪ್ರೀತಿಯಿಂದಲೇ. ಮಗಳ ಬ್ಯಾಟರಿ ಅರ್ಧ ಖಾಲಿಯಾಯಿತು. ಆಮೇಲೆ ನಮ್ಮ ತಮ್ಮನೊಬ್ಬನಿಗೆ ಬೆಳಿಗ್ಗೆ ಸಂಜೆ ಒಂದೊಂದು ಮೆಸೇಜ್, ಉಳಿದವರಿಗೆ ಅವನೇ ಹೇಳುವುದು ಅಂತ ಮಾಡಿದೆವು. ನೀವೂ ಹಾಗೇ ಮಾಡಿ.

ಕಾಣದ ವಿಷ

ಇದನ್ನು ಎರಡು ಸಲ ಓದಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ ಬಂದಂತಾಗುವುದು, ತಲೆ ಸುತ್ತು, ನಿದ್ದೆ. ನೆಗಡಿ ಜ್ವರ ಅಂದುಕೊಂಡು ಮಲಗಿದವರು ಏಳುವುದಿಲ್ಲ.

ಹಾಗಾಗಿ ಮನೆಯೊಳಗೆ ಇದ್ದಿಲ ಒಲೆ ಬೇಡವೇ ಬೇಡ. ನಮ್ಮ ಹಳ್ಳಿಮನೆಯಲ್ಲಿ ಬಾಣಂತಿಗೆ ಅಗ್ಗಿಷ್ಟಿಕೆ ಇಡುತ್ತಿದ್ದೆವು, ನಿಜ. ಆ ಮನೆಗೆ ಹೆಂಚಿನ ಸಂದಿ ಇತ್ತು, ಬೆಳಕಿಂಡಿ ಇತ್ತು. ಅಲ್ಲಿನ ಮನೆ ಗಾಳಿಯಾಡದ ಡಬ್ಬಿ. ಗ್ಯಾಸ್ ಒಲೆಯಲ್ಲಿ ಅಡುಗೆಯಷ್ಟೇ ಮಾಡಿ ಆರಿಸಿ, ಕೋಣೆ ಬೆಚ್ಚಗಾಗಲಿ ಅಂತ ಉರಿಸಬೇಡಿ. ಜನರೇಟರ್ ಗ್ಯಾರೇಜಿನಲ್ಲೂ ಇಡಬಾರದು.

ಭಾನುವಾರ ಕರೆಂಟು ಬಂತು. ಫರ್ನೇಸ್ ಟಿಕ್ ಅಂದು ಶುರುವಾಗಿ ನಿಂತಿತು. ಮತ್ತೆ ಶುರು, ಮತ್ತೆ ನಿಂತಿತು. ಅಷ್ಟರಲ್ಲಿ ಹೊಸ ಅಲಾರಂ ಕಿರುಚಿಕೊಂಡಿತು. ಫರ್ನೇಸ್ ಬಂದ್ ಮಾಡಿ, ಮಗುವನ್ನು ಸುತ್ತಿಕೊಂಡು ನಾವೆಲ್ಲ ಪಕ್ಕದ ಅಜ್ಜಿಯ ಮನೆಗೆ ಹೋದೆವು. ನಡುವೆ ಇಪ್ಪತ್ತಡಿ ಜಾಗ, ಹಿಮ ಸೊಂಟದವರೆಗೆ. ಅಜ್ಜಿ ಕೇಳಿದ ಕೂಡಲೇ ಹೇಳಿದರು: ಪಕ್ಕದ ಗೋಡೆಯಲ್ಲಿ ಬಿಳಿ ಪ್ಲಾಸ್ಟಿಕ್ ಕೊಳವೆ ಎರಡಿವೆ, ಹಿಮದಲ್ಲಿ ಹೂತಿರುತ್ತವೆ, ಅಗೆಯಿರಿ. ಫರ್ನೇಸಿನ ಹೊಗೆ ಹೋಗುವುದೂ ಗಾಳಿ ಬರುವುದೂ ಅಲ್ಲಿಂದಲೇ. ಅಳಿಯ ಅಗೆದ. ಆಮೇಲೆ ಅಲಾರಂ ಬಗ್ಗೆ ಫೋನಿನಲ್ಲಿ ತಿಳಿಸಿ, ಕಿಟಕಿಗಳನ್ನೆಲ್ಲ ತೆರೆದು ಗಾಳಿ ಆಡಿಸಿ, ಗ್ಯಾಸಿನವರು ಬಂದು ನೋಡಿದ ಮೇಲೆಯೇ ಫರ್ನೇಸ್ ಹಚ್ಚಿದ್ದು. ಅವರು ಬರಲು ಒಂದು ದಿನ ಹಿಡಿಯಿತು. ಆ ರಾತ್ರಿ ಅಜ್ಜಿಯ ಮನೆಯಲ್ಲೇ ಮಲಗಿದೆವು. ಆ ಕೊಳವೆ ಎಲ್ಲಿದೆ ಅಂತ ಮನೆ ಸೇರಿದ ಮೊದಲ ವಾರವೇ ನೋಡಿಕೊಳ್ಳಿ.

ಕಾರಿನಲ್ಲಿ ಸಿಕ್ಕಿಬಿದ್ದರೆ

ನಾವು ಸಿಕ್ಕಿಬಿದ್ದಿಲ್ಲ, ಕೀ ಮೆಂತ್ಯದ ಡಬ್ಬಿಯಲ್ಲಿತ್ತು. ಆದರೂ ತಿಳಿದಿರಲಿ. ಕಾರು ಬಿಟ್ಟು ನಡೆಯಬೇಡಿ. ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಬಣ್ಣದ ಬಟ್ಟೆಯೊಂದನ್ನು ಹೊರಗೆ ಕಟ್ಟಿ. 911ಕ್ಕೆ ಫೋನ್ ಮಾಡಿ ಎಲ್ಲಿದ್ದೀರಿ ಅಂತ ಸರಿಯಾಗಿ ಹೇಳಿ. ಗಂಟೆಗೆ ಹತ್ತು ನಿಮಿಷವಷ್ಟೇ ಎಂಜಿನ್ ಓಡಿಸಿ. ಪ್ರತಿ ಸಲ ಓಡಿಸುವ ಮೊದಲು ಹಿಂದಿನ ಹೊಗೆ ಕೊಳವೆಯ ಸುತ್ತ ಹಿಮ ತೆಗೆದಿರಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ವಿಷವೇ ಒಳಗೆ ಬರುತ್ತದೆ. ಗಾಳಿ ಬೀಸದ ಕಡೆಯ ಕಿಟಕಿ ಬೆರಳಿನಷ್ಟು ಇಳಿಸಿ. ಚಳಿಗಾಲ ಪೂರ್ತಿ ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಒಣ ತಿಂಡಿ ಇರಲಿ.

ಮೈಯ ಮಾತು

ಗಾಳಿಯನ್ನೂ ಸೇರಿಸಿದ ಚಳಿ ಮೈನಸ್ 28ಕ್ಕೆ ಇಳಿದರೆ ತೆರೆದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಮೊದಲು ಹೋಗುವುದು ಬೆರಳು, ಮೂಗು, ಕಿವಿ. ಬಿಳಿಚಿಕೊಂಡು ಮೇಣದಂತೆ ಆಗುತ್ತದೆ, ಸ್ಪರ್ಶ ತಿಳಿಯುವುದಿಲ್ಲ. ಉಜ್ಜಬೇಡಿ. ಬೆಂಕಿಗೆ ಹಿಡಿಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗಿನ ನೀರಿನಲ್ಲಿ ಅದ್ದಿಡಿ.

ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಇಳಿದರೆ ಮನುಷ್ಯ ತೊದಲುತ್ತಾನೆ, ಏನೇನೋ ಮಾತಾಡುತ್ತಾನೆ. ನಡುಗುತ್ತಿದ್ದವನು ನಡುಗುವುದು ನಿಲ್ಲಿಸಿದರೆ ಸುಧಾರಿಸಿದ ಅಂದುಕೊಳ್ಳಬೇಡಿ, ಇನ್ನೂ ಹದಗೆಟ್ಟಿದ್ದಾನೆ ಅಂತ ಅರ್ಥ. ಒದ್ದೆ ಬಟ್ಟೆ ತೆಗೆದು ಮೊದಲು ಎದೆ ಹೊಟ್ಟೆ ಬೆಚ್ಚಗೆ ಮಾಡಿ. ಎಚ್ಚರವಿದ್ದರೆ ಬಿಸಿ ಸಿಹಿ ನೀರು ಕುಡಿಸಿ. ಬ್ರಾಂದಿ ಬೇಡ, ಅದು ಬೆಚ್ಚಗಾದ ಹಾಗೆ ಅನಿಸಿ ಶಾಖ ಹೊರಗೆ ಬಿಡುತ್ತದೆ.

ಗಾಳಿ ನಿಂತ ಮೇಲೆ

ಸೋಮವಾರ ನಮ್ಮ ಯಜಮಾನರು ಸಲಿಕೆ ಹಿಡಿದು ಹೊರಟರು. ವಯಸ್ಸು 67, ಬಿಪಿ ಮಾತ್ರೆ ಎರಡು. "ಹೊಲದಲ್ಲಿ ಗೊಬ್ಬರ ಹೇರಿದವನು ನಾನು" ಅನ್ನುವ ವಾದ. ಮೂರು ದಿನ ಕೂತಲ್ಲೇ ಕೂತು, ಚಳಿಗೆ ರಕ್ತನಾಳ ಬಿಗಿದುಕೊಂಡಾಗ ಒಮ್ಮೆಲೇ ಭಾರ ಎತ್ತಿದರೆ ಹೃದಯಕ್ಕೆ ಹೊಡೆತ ಬೀಳುವುದು ಹೀಗೆಯೇ. ಕಿಟಕಿಯಿಂದ ಅಜ್ಜಿ ಬೆರಳು ಆಡಿಸಿ ಬೇಡ ಅಂದರು. ನಾನು ನಾಲ್ಕು ದಿನದಿಂದ ಹೇಳಿದ್ದನ್ನು ಕೇಳದವರು ಅಜ್ಜಿಯ ಒಂದು ಬೆರಳಿಗೆ ಒಳಗೆ ಬಂದರು.

ಹರೆಯದವರೇ ಎತ್ತಲಿ. ಎತ್ತುವುದಕ್ಕಿಂತ ತಳ್ಳುವುದು ವಾಸಿ. ಅರ್ಧ ಸಲಿಕೆ, ಹತ್ತು ನಿಮಿಷ, ವಿಶ್ರಾಂತಿ. ಸೂರಿನಿಂದ ಇಳಿಬಿದ್ದ ಮಂಜಿನ ಕಡ್ಡಿಗಳ ಕೆಳಗೆ ನಿಲ್ಲಬೇಡಿ. ನಡೆಯುವಾಗ ಬಾತುಕೋಳಿಯ ಹಾಗೆ ಚಿಕ್ಕ ಹೆಜ್ಜೆ, ಕೈ ಜೇಬಿನ ಹೊರಗೆ. ವಾಹನದ ಆದೇಶ ಬಫಲೊದಲ್ಲಿ ತೆರವಾಗಿದ್ದು 29ಕ್ಕೆ. ಅಲ್ಲಿಯವರೆಗೂ ಕೀ ಡಬ್ಬಿಯಲ್ಲೇ ಇತ್ತು. ಆಮೇಲೆ ಎಷ್ಟು ದಿನ ಕಾರು ಹತ್ತಿದರೂ ಮೆಂತ್ಯದ ವಾಸನೆ.

ಇನ್ನು ಸೂಟ್‌ಕೇಸು

ಸ್ವೆಟರ್ ಒಂದು ಸಾಕು. ದಪ್ಪ ಜಾಕೆಟ್ಟು, ಬೂಟು ಅಲ್ಲಿಯೇ ಕೊಳ್ಳಿ. ನಮ್ಮೂರಿನಲ್ಲಿ ಸಿಗುವ ಜಾಕೆಟ್ಟು ಬೆಳಗಿನ ವಾಕಿಂಗಿಗೆ ಸರಿ. ಮೈಗೆ ತಾಗುವ ಬಟ್ಟೆ ಉಣ್ಣೆಯದ್ದೋ ಸಿಂಥೆಟಿಕ್ಕೋ ಇರಲಿ, ಹತ್ತಿ ಬನಿಯನ್ ಬೆವರು ಹಿಡಿದಿಟ್ಟು ಮೈ ತಣ್ಣಗೆ ಮಾಡುತ್ತದೆ. ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು. ಬೆರಳು ಬೇರೆ ಬೇರೆ ಇರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲದಂಥದ್ದು ಬೆಚ್ಚಗೆ. ಮಂಕಿ ಕ್ಯಾಪ್ ನೋಡಿ ನಗುವವರು ನಗಲಿ.

ಆಗುವುದಾದರೆ ಚಳ್ಳಕೆರೆ ಕಡೆಯ ಕುರಿ ಕಂಬಳಿ ಒಂದನ್ನು ಒಯ್ಯಿರಿ. ಭಾರ, ಚುಚ್ಚುತ್ತದೆ, ಹುಡುಗರು ಬೇಡ ಅನ್ನುತ್ತಾರೆ. ಆದರೆ ಒದ್ದೆಯಾದರೂ ಬೆಚ್ಚಗಿರುವುದು ಉಣ್ಣೆ. ಕುರಿ ಕಾಯುವವರು ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ನಿಲ್ಲುವುದು ಸುಮ್ನೆ ಅಲ್ಲ.

ತಿನ್ನಲು ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ. ಒಣಗಿದ ಜೋಳದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಒಲೆ ಬೇಡ. ಆ ಎರಡು ದಿನ ನಮ್ಮನ್ನು ಸಾಕಿದ್ದು ಅದೇ. ಅಜ್ಜಿಗೂ ಕೊಟ್ಟೆ, ಇದೇನು ಬಿಸ್ಕತ್ತಾ ಅಂತ ಕೇಳಿ ಮೂರು ತಿಂದರು. ಮಂಡಕ್ಕಿ ತೂಕವಿಲ್ಲ, ಆದರೆ ಜಾಗ ತಿನ್ನುತ್ತದೆ. ಜಾಕೆಟ್ಟಿನ ತೋಳಿನೊಳಗೆ ತುಂಬಿ ಒಯ್ದವರನ್ನು ನೋಡಿದ್ದೇನೆ. ವಿಮಾನ ಇಳಿದಾಗ ಕಸ್ಟಮ್ಸ್‌ನವರಿಗೆ ತಿಂಡಿ ಇದೆ ಅಂತ ಹೇಳಿಬಿಡಿ. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ, ಮಾಂಸ ಬೇಡ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ.

ಪಕ್ಕದ ಮನೆಯವರು ಇದೆಲ್ಲ ಬರೆದುಕೊಂಡು ಹೋದರು. ನಿನ್ನೆ ಸಂಜೆ ತೂಕದ ಮಿಷನ್ ಮೇಲೆ ಸೂಟ್‌ಕೇಸ್ ಇಟ್ಟರೆ 26 ಕೆಜಿ. ವಿಮಾನದವರು ಬಿಡುವುದು 23. ಹುಡುಗ ಕಂಬಳಿ ತೆಗೆಯಲು ಕೈ ಹಾಕಿದ. ಅವರಮ್ಮ ನನ್ನ ಮುಖ ನೋಡಿ, ಎರಡು ಜೀನ್ಸ್ ಪ್ಯಾಂಟು, ಮೂರು ಸ್ವೆಟರ್ ಎಳೆದು ಹೊರಗೆ ಹಾಕಿದರು.